ಅಂಚು ಯಾವ ಲೆಕ್ಕಕ್ಕೆ?

ಚಿತ್ರದ ಅಗಲ ಹೇಳುವಾಗ ಚೌಕಟ್ಟನ್ನೂ ಸೇರಿಸಿ ಅಳೆಯಬೇಕೆ? ಕ್ಷುಲ್ಲಕವೆನಿಸುವ ಈ ಪ್ರಶ್ನೆಯೇ ಒಂದು ಕಾಲಕ್ಕೆ ಜಾಲಪುಟ ರಚಿಸುವವರನ್ನು ಕಂಗೆಡಿಸಿತ್ತು. ಪುಟದೊಳಗಿನ ಪೆಟ್ಟಿಗೆಯ ಅಗಲವೆಂದರೆ ಬರಹದ ಅಗಲ ಮಾತ್ರ, ಸುತ್ತಣ ತೆರವೂ ಅಂಚೂ ಅದಕ್ಕೆ ಹೊರಗು ಎಂದು 1996ರ ಸಿ.ಎಸ್.ಎಸ್. ನಿಯಮ ವಿಧಿಸಿತು. ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಬ್ರೌಸರಿನ 5ನೆಯ ಆವೃತ್ತಿಯಾದರೋ ಎಲ್ಲವನ್ನೂ ಒಳಗೂಡಿಸಿ ಅಳೆಯಿತು. 200 ಪಿಕ್ಸೆಲ್ ಅಗಲ, ಇಕ್ಕೆಲಗಳಲ್ಲಿ 20ರ ತೆರವು, 5ರ ಅಂಚು: ನಿಯಮದಂತೆ ಪೆಟ್ಟಿಗೆ 250, ಅಲ್ಲಿ 200. ಒಬ್ಬ ಓದುಗನಿಗೆ ಅಚ್ಚುಕಟ್ಟಾದ ಪುಟವೇ ಇನ್ನೊಬ್ಬನಿಗೆ ಅಂಕಣ ಜಾರಿದ ಪುಟ. 2001ರ 6ನೆಯ ಆವೃತ್ತಿ, ಪುಟದ ತಲೆಯಲ್ಲಿ ತಕ್ಕ ಘೋಷಣೆಯಿದ್ದರೆ, ನಿಯಮಕ್ಕೆ ಮಣಿಯಿತು.

ನನಗಂತೂ ಎಕ್ಸ್‌ಪ್ಲೋರರಿನ ಅಳತೆಯೇ ಸಹಜವೆನಿಸುತ್ತದೆ. ಆದರೆ ಒಂದು ಮನೆಯ ಕೋಲು ಊರಿಗೆಲ್ಲ ಅಳತೆಯಾದೀತೆ? ಮುಂದೆ ‘ಬಾಕ್ಸ್-ಸೈಜಿಂಗ್’ ಎಂಬ ಹೆಸರಿನಲ್ಲಿ ಅದೂ ನಿಯಮದೊಳಗೆ, ವ್ಯಾಕರಣಕಾರರ ವಿಕಲ್ಪದಂತೆ, ಸ್ಥಾನ ಪಡೆಯಿತು. ಇಂದು ಪುಟ ರಚಿಸುವ ಎಷ್ಟೋ ಮಂದಿ ಆರಂಭದಲ್ಲೇ ಅದನ್ನು ಬರೆದುಕೊಳ್ಳುತ್ತಾರೆ.