‘ಓಪನ್ ಸೋರ್ಸ್ ಆಪ್, ಭಯವಿಲ್ಲದೆ ಹಾಕಿಕೊಳ್ಳಿ’: ಈ ಮಾತು ಎಷ್ಟು ನಿಜ?

“ಇದು ಓಪನ್ ಸೋರ್ಸ್ ಆಪ್. ಕೋಡ್ ಯಾರು ಬೇಕಾದರೂ ನೋಡಬಹುದು, ಹಾಗಾಗಿ ಮೋಸ ಇರಲು ಸಾಧ್ಯವೇ ಇಲ್ಲ.” ಎಪಿಕೆ ಫೈಲ್ ಜೊತೆ ಇಂಥ ಮಾತು ಬಂದರೆ ನಂಬಬಹುದೇ? ಕೋಡ್ ನೋಡಬಹುದು ಎಂಬುದು ನಿಜ. ಮೋಸ ಸಾಧ್ಯವಿಲ್ಲ ಎಂಬುದು ನಿಜವಲ್ಲ.

ನೋಡಲು ಸಿಗುವುದು ಸೋರ್ಸ್ ಕೋಡ್. ಫೋನಿಗೆ ಇಳಿಯುವುದು ಅದರಿಂದ ತಯಾರಾದ ಆಪ್. ನಡುವೆ ಒಂದು ಗಿರಣಿ ಇದೆ. ನೀವು ಗೋಧಿಯನ್ನು ಕಲ್ಲು ಆರಿಸಿ, ಹಸನು ಮಾಡಿ ಕೊಟ್ಟಿರಬಹುದು. ಗಿರಣಿಯಲ್ಲಿ ಹಿಟ್ಟಿಗೆ ಏನು ಬೆರೆಯಿತು ಎಂಬುದು ಗೋಧಿ ನೋಡಿದರೆ ತಿಳಿಯದು. ಸಾಫ್ಟ್‌ವೇರ್‌ನಲ್ಲಿ ಈ ಗಿರಣಿಯೇ ಬಿಲ್ಡ್ ಸಿಸ್ಟಮ್. ಯಾವ ಫೈಲ್ ಮೊದಲು, ಯಾವುದರ ಜೊತೆ ಯಾವುದು, ವಿಂಡೋಸ್‌ಗೆ ಹೇಗೆ, ಲಿನಕ್ಸ್‌ಗೆ ಹೇಗೆ ಎಂದು ಹೇಳುವ ಸೂಚನೆಗಳು ಅಲ್ಲಿರುತ್ತವೆ.

2024ರ ಮಾರ್ಚ್‌ನಲ್ಲಿ ಸಿಕ್ಕಿಬಿದ್ದ ಕಳ್ಳತನ ನಡೆದದ್ದು ಈ ಗಿರಣಿಯಲ್ಲೇ. ಫೈಲ್‌ಗಳನ್ನು ಕುಗ್ಗಿಸುವ ‘ಎಕ್ಸ್‌ಝಡ್’ ಎಂಬ ಓಪನ್ ಸೋರ್ಸ್ ಸಾಧನದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ, ಸರ್ವರ್‌ಗಳಿಗೆ ನುಗ್ಗಲು ಕಳ್ಳಬಾಗಿಲು ಇಡಲಾಗಿತ್ತು. ಕೇಡಿನ ಭಾಗ ಪರೀಕ್ಷಾ ಫೈಲ್‌ಗಳ ವೇಷದಲ್ಲಿ ಎಲ್ಲರ ಕಣ್ಣೆದುರೇ ಇತ್ತು. ಅದನ್ನು ಎಬ್ಬಿಸುವ ಸಾಲುಗಳು ಮಾತ್ರ ಸಾರ್ವಜನಿಕ ಕೋಡ್ ಸಂಗ್ರಹದಲ್ಲಿ ಇರಲಿಲ್ಲ. ಬಿಡುಗಡೆ ಮಾಡಿದ ಕಟ್ಟಿನೊಳಗೆ, ಆಟೋಟೂಲ್ಸ್ ಎಂಬ ಹಳೆಯ ಬಿಲ್ಡ್ ವ್ಯವಸ್ಥೆಯ ಸೂಚನೆಗಳ ನಡುವೆ ಅಡಗಿದ್ದವು. ಆ ಸಿಕ್ಕುಗಳನ್ನು ಸಾಲು ಸಾಲಾಗಿ ಓದುವವರು ತೀರಾ ಕಡಿಮೆ.

ಅದನ್ನು ಹಿಡಿದವರು ಆಂಡ್ರೆಸ್ ಫ್ರಾಯಂಡ್. ಲಾಗಿನ್ ಅರ್ಧ ಸೆಕೆಂಡ್ ತಡವಾಗುತ್ತಿದೆ ಎಂದು ಬೆನ್ನು ಹತ್ತಿದರು. ಪೋಸ್ಟ್‌ಗ್ರೆಸ್ ಎಂಬ ಹೆಸರಾಂತ ಡೇಟಾಬೇಸ್‌ಗೆ ‘ಮೆಸನ್’ ಎಂಬ ಹೊಸ ಬಿಲ್ಡ್ ಸಿಸ್ಟಮ್ ತರುವ ಕೆಲಸದಲ್ಲಿ ಮುಂದೆ ನಿಂತವರೂ ಇವರೇ.

ಹಳೆಯದು ನಡೆಯುತ್ತಿರುವಾಗ ಹೊಸದೇಕೆ? ಪೋಸ್ಟ್‌ಗ್ರೆಸ್‌ನಲ್ಲಿ ಲಿನಕ್ಸ್‌ಗೆ ಒಂದು ಗಿರಣಿ, ವಿಂಡೋಸ್‌ಗೆ ಬೇರೆಯದೇ ಇನ್ನೊಂದು ಇತ್ತು. ಒಂದು ಕಡೆ ಮಾಡಿದ ಬದಲಾವಣೆಯನ್ನು ಇನ್ನೊಂದು ಕಡೆಯೂ ಸರಿಹೊಂದಿಸುತ್ತಲೇ ಇರಬೇಕು. ಮೆಸನ್ ಎರಡಕ್ಕೂ ಸಾಕು, ವೇಗವೂ ಹೆಚ್ಚು, ಓದಲೂ ಸುಲಭ. ಆದರೂ ಹಳೆಯದನ್ನು ಒಂದೇ ಏಟಿಗೆ ಕಿತ್ತೆಸೆಯಲಿಲ್ಲ, ಅದೇ ಜಾಣತನ. 2023ರ 16ನೇ ಆವೃತ್ತಿಯಲ್ಲಿ ಮೆಸನ್ ಹಳೆಯದರ ಪಕ್ಕಕ್ಕೆ ಬಂತು. 2024ರ 17ನೇ ಆವೃತ್ತಿಯಲ್ಲಿ ವಿಂಡೋಸ್‌ನ ಪ್ರತ್ಯೇಕ ಸೂಚನೆಗಳು ಹೋದವು. ಲಿನಕ್ಸ್‌ನ ಹಳೆಯ ದಾರಿ ಆಗಲೂ ಉಳಿಯಿತು.

ಹಾಗಂತ ಹೊಸ ಗಿರಣಿ ಬಂದರೆ ಮೋಸ ನಿಲ್ಲುತ್ತದೆಯೇ? ಇಲ್ಲ. ಎಕ್ಸ್‌ಝಡ್‌ನಲ್ಲಿ ‘ಸಿಮೇಕ್’ ಎಂಬ ಇನ್ನೊಂದು ಬಿಲ್ಡ್ ಸಿಸ್ಟಮ್ ಕೂಡ ಇತ್ತು. ಅದರ ಒಂದು ಪರೀಕ್ಷೆಯಲ್ಲಿ ಬೇಡದ ಒಂದೇ ಒಂದು ಚುಕ್ಕಿ ಸೇರಿಸಿದ್ದರು. ಅಷ್ಟಕ್ಕೇ ಪರೀಕ್ಷೆ ಪ್ರತಿ ಸಲ ವಿಫಲವಾಗಿ, ಒಂದು ಭದ್ರತಾ ಕವಚ ಸದ್ದಿಲ್ಲದೆ ಆಫ್ ಆಗುತ್ತಿತ್ತು. ಒಂದು ಚುಕ್ಕಿ!

ಗಟ್ಟಿಯಾದ ಪರೀಕ್ಷೆ ಬೇರೆ ಇದೆ: ಅದೇ ಕೋಡನ್ನು ಬೇರೆ ಬೇರೆಯವರು ತಮ್ಮ ಕಂಪ್ಯೂಟರ್‌ನಲ್ಲಿ ಬಿಲ್ಡ್ ಮಾಡಿದಾಗ ಅಕ್ಷರಶಃ ಒಂದೇ ಫೈಲ್ ಬರುತ್ತದೆಯೇ ಎಂದು ಹೋಲಿಸುವುದು. ಎಫ್-ಡ್ರಾಯ್ಡ್ ಎಂಬ ಆಪ್ ಸಂಗ್ರಹ ಸಾಮಾನ್ಯವಾಗಿ ಸೋರ್ಸ್ ಕೋಡ್ ಪಡೆದು ತಾನೇ ಬಿಲ್ಡ್ ಮಾಡುತ್ತದೆ; ಹಲವು ಆಪ್‌ಗಳಿಗೆ ಈ ಹೋಲಿಕೆಯನ್ನೂ ಮಾಡುತ್ತದೆ. ವಾಟ್ಸಾಪ್‌ನಲ್ಲಿ ಬಂದ ಎಪಿಕೆ ಯಾವ ಗಿರಣಿಯಿಂದ ಬಂತು ಎಂಬುದು ಕಳಿಸಿದವರಿಗೂ ಗೊತ್ತಿರುವುದಿಲ್ಲ. ಅಂಥದ್ದನ್ನು ಹಾಕಿಕೊಳ್ಳಬೇಡಿ, ಮುಂದಕ್ಕೂ ಕಳಿಸಬೇಡಿ.