ಒಂದು ಕೊಡ ನೀರು, ಒಂದು ಕಾರು

ಜೋಗ ಜಲಪಾತದ ಎತ್ತರ 253 ಮೀಟರ್. ಆ ನೆತ್ತಿಯಿಂದ ಒಂದು ಕೊಡ ನೀರು ಬಿತ್ತೆಂದುಕೊಳ್ಳಿ, ಹೆಚ್ಚಲ್ಲ, ಹತ್ತೂಮುಕ್ಕಾಲು ಲೀಟರು. ಬೀಳುವಾಗ ಅದು ಬಿಟ್ಟುಕೊಡುವ ಶಕ್ತಿಯನ್ನು ಒಂದು ಹನಿಯೂ ಪೋಲಾಗದಂತೆ ಹಿಡಿದುಕೊಂಡರೆ, ಒಂದೂವರೆ ಟನ್ ತೂಕದ ಕಾರನ್ನು ಆಳೆತ್ತರಕ್ಕೆ, ಅಂದರೆ 1.8 ಮೀಟರ್ ಮೇಲಕ್ಕೆ ಎತ್ತಬಹುದು.

ಈ ಲೆಕ್ಕ ಮಾಡಿದ್ದು ಜೋಗದಲ್ಲಲ್ಲ. ಅಮೆರಿಕದ ಟೆಕ್ಸಾಸಿನಲ್ಲಿ, ಡಲ್ಲಾಸ್ ಹತ್ತಿರದ ಮಗನ ಮನೆಯ ಗ್ಯಾರೇಜಿನಲ್ಲಿ, ಒಂದು ಹಳೆಯ ರಟ್ಟಿನ ಪೆಟ್ಟಿಗೆಯ ಬೆನ್ನ ಮೇಲೆ. ಗದಗ ಸೀಮೆಯಲ್ಲಿ ಮೂವತ್ತು ವರ್ಷ ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಟ್ಟವನು ನಾನು. ಮಗನಿಗೆ ಕಾರುಗಳ ಹುಚ್ಚು. ತನ್ನದೊಂದು ಸೆಡಾನ್, ಸೊಸೆಯದೊಂದು ಎತ್ತರದ ಎಸ್‌ಯುವಿ, ಜೊತೆಗೆ ತಾನೇ ಬಿಚ್ಚಿ ಜೋಡಿಸುತ್ತಿರುವ ಎರಡು ಸೀಟಿನ ಹಳೆಯ ಮಜ್ದಾ ಮಿಯಾಟಾ. ಗ್ಯಾರೇಜಿನಲ್ಲಿ ಇರುವುದು ಎರಡು ಕಾರಿನ ಜಾಗ. ಮೂರನೆಯದಕ್ಕೆ ಜಾಗ ಬೇಕೆಂದರೆ ಮೇಲಕ್ಕೇ ಹೋಗಬೇಕು. ಹಾಗಾಗಿ ಮನೆಗೊಂದು ಕಾರ್ ಲಿಫ್ಟ್ ತರಿಸುವ ಮಾತು ಶುರುವಾಯಿತು. ಆ ದೇಶದಲ್ಲಿ ಅದು ಅಪರೂಪದ ವಸ್ತುವಲ್ಲ. ಕೆಲವು ಸಾವಿರ ಡಾಲರ್ ಕೊಟ್ಟರೆ ಉಕ್ಕಿನ ಕಂಬಗಳು ಲಾರಿಯಲ್ಲಿ ಮನೆಬಾಗಿಲಿಗೆ ಬಂದು ಇಳಿಯುತ್ತವೆ.

ಕಾರನ್ನು ಎತ್ತುವುದು ಎಂದಕೂಡಲೇ ನಮ್ಮ ಮನಸ್ಸಿಗೆ ಬರುವುದು ಅಗಾಧ ಬಲ. ನನಗೂ ಹಾಗೇ ಅನಿಸಿತ್ತು. ಪೆನ್ಸಿಲ್ ಹಿಡಿದ ಮೇಲೆ ಬೆರಗು ಬೇರೆ ದಿಕ್ಕಿನಿಂದ ಬಂತು. 1,500 ಕೆ.ಜಿ.ಯನ್ನು 1.8 ಮೀಟರ್ ಎತ್ತಲು ಬೇಕಾಗುವ ಶಕ್ತಿ ಸುಮಾರು 26,500 ಜೂಲ್. ಸಂಖ್ಯೆ ದೊಡ್ಡದಾಗಿ ಕಾಣುತ್ತದೆ, ಅಡುಗೆಮನೆಗೆ ತಂದು ನೋಡಿದರೆ ಕರಗಿಹೋಗುತ್ತದೆ. ಚಹಾಕ್ಕೆ ಹಾಕುವ ಒಂದು ಸಣ್ಣ ಚಮಚ ಸಕ್ಕರೆ, ನಾಲ್ಕು ಗ್ರಾಂ, ಅದರಲ್ಲಿ ಅಡಗಿರುವ ಶಕ್ತಿ 67,000 ಜೂಲ್‌ನಷ್ಟು. ಅಂದರೆ ಒಂದು ಚಮಚ ಸಕ್ಕರೆಯಲ್ಲಿ ಆ ಕಾರನ್ನು ಎರಡೂವರೆ ಸಲ ಎತ್ತುವ ಶಕ್ತಿ ಇದೆ. ಶ್ರವಣಬೆಳಗೊಳದ ವಿಂಧ್ಯಗಿರಿ ಬಯಲಿನಿಂದ ಸುಮಾರು 140 ಮೀಟರ್ ಎತ್ತರ. ಅರವತ್ತು ಕೆ.ಜಿ. ತೂಕದ ತಾಯಿಯೊಬ್ಬಳು ಬರಿಗಾಲಲ್ಲಿ ಮೆಟ್ಟಿಲು ಹತ್ತಿ ಗೊಮ್ಮಟನ ಪಾದ ಮುಟ್ಟಿದಳೆಂದರೆ, ಅವಳ ಮೊಣಕಾಲುಗಳು ಕಾರೊಂದನ್ನು ಮೂರು ಸಲ ಆಳೆತ್ತರಕ್ಕೆ ಎತ್ತುವಷ್ಟು ಕೆಲಸ ಮಾಡಿರುತ್ತವೆ. ಇಂಥದನ್ನು ನಾನು ಶಾಲೆಯಲ್ಲಿದ್ದಾಗಲೇ ಮಕ್ಕಳಿಗೆ ಹೇಳಬೇಕಿತ್ತು. ಬೆಟ್ಟ ಹತ್ತಿ ಬಂದ ಅಜ್ಜಿಯರನ್ನು ಅವರು ನೋಡುವ ರೀತಿಯೇ ಬದಲಾಗುತ್ತಿತ್ತು.

ಕರೆಂಟಿನ ಲೆಕ್ಕಕ್ಕೆ ಬನ್ನಿ. ಒಂದು ಯೂನಿಟ್ ವಿದ್ಯುತ್ತು ಆ ಕಾರನ್ನು 136 ಸಲ ಎತ್ತಬಲ್ಲದು. ಮೋಟಾರು, ಪಂಪು, ರಾಟೆಗಳಲ್ಲಿ ಅರ್ಧ ಸೋರಿಹೋಯಿತು ಅನ್ನಿ, ಆಗಲೂ 60 ದಾಟುತ್ತದೆ. ಒಂದು ನಿಮಿಷದಲ್ಲಿ ಮೇಲೇರಿಸಲು ಬೇಕಾಗುವ ನಿಜವಾದ ಸಾಮರ್ಥ್ಯ 440 ವ್ಯಾಟ್. ದೋಸೆ ಹಿಟ್ಟು ರುಬ್ಬುವ 750 ವ್ಯಾಟಿನ ಮಿಕ್ಸಿಗೆ ಅದಕ್ಕಿಂತ ಹೆಚ್ಚು ತಾಕತ್ತಿದೆ. ಇನ್ನು ಆ ಕಾರಿನ ಟ್ಯಾಂಕಿಯಲ್ಲೇ ಇರುವ ಪೆಟ್ರೋಲು? ಒಂದು ಲೀಟರಿನಲ್ಲಿ ಕಾರನ್ನು 1,200 ಸಲ ಎತ್ತುವಷ್ಟು ಶಕ್ತಿ ತುಂಬಿದೆ. ಅದನ್ನು ನಾವು ಪೇಟೆಗೆ ಹೋಗಿ ಕೊತ್ತಂಬರಿ ತರಲು ಸುಡುತ್ತೇವೆ.

ಇಷ್ಟು ಸಣ್ಣ ಶಕ್ತಿ ಅಷ್ಟು ದೊಡ್ಡ ಭಾರವನ್ನು ಹೇಗೆ ಹೊರುತ್ತದೆ ಎಂಬುದಕ್ಕೆ ಉತ್ತರ ಎಣ್ಣೆ. 17ನೇ ಶತಮಾನದಲ್ಲಿ ಫ್ರಾನ್ಸಿನ ಪಾಸ್ಕಲ್ ಕಂಡ ನಿಯಮ ಅದು: ಮುಚ್ಚಿದ ಪಾತ್ರೆಯ ದ್ರವದ ಮೇಲೆ ಒಂದು ಕಡೆ ಒತ್ತಿದರೆ ಒತ್ತಡ ಎಲ್ಲ ಕಡೆಗೂ ಅಷ್ಟೇ ಹರಡುತ್ತದೆ. 1795ರಲ್ಲಿ ಇಂಗ್ಲೆಂಡಿನ ಜೋಸೆಫ್ ಬ್ರಾಮಾ ಅದರಿಂದ ಒತ್ತುಯಂತ್ರ ಮಾಡಿದ. ಕಾರಿಗೆ ಅದನ್ನು ತಂದವನು ಅಮೆರಿಕದ ಮೆಂಫಿಸ್ ಊರಿನ ಪೀಟರ್ ಲೂನಾಟಿ, 1925ರಲ್ಲಿ. ಕ್ಷೌರದಂಗಡಿಯ ಕುರ್ಚಿ ಮೇಲೇಳುವುದನ್ನು ನೋಡಿ ಅವನಿಗೆ ಇದು ಹೊಳೆಯಿತಂತೆ. ನಮ್ಮೂರ ಪೆಟ್ರೋಲ್ ಬಂಕುಗಳ ವಾಟರ್ ಸರ್ವಿಸ್‌ನಲ್ಲಿ ನೆಲದೊಳಗಿಂದ ಹೊಳೆಯುವ ಒಂಟಿ ಕಂಬವೊಂದು ಕಾರನ್ನು ಹೊತ್ತು ಏಳುವುದನ್ನು ಕಂಡವರು ಬಹಳ ಮಂದಿ. ಅದು ಆ ಕುರ್ಚಿಯ ವಂಶದ್ದೇ.

ಮಗ ನೋಡುತ್ತಿದ್ದ ಲಿಫ್ಟುಗಳಲ್ಲೊಂದರ ಸಿಲಿಂಡರು ನನ್ನ ಮಣಿಕಟ್ಟಿಗಿಂತ ತುಸು ದಪ್ಪ. ಒಳಗಿನ ಪಿಸ್ಟನ್ನಿನ ಮೇಲೆ ಎಣ್ಣೆ ಒತ್ತುವ ಜಾಗ 20 ಚದರ ಸೆಂಟಿಮೀಟರ್ ಎಂದು ಹಿಡಿದರೆ, ಕಾರು ಮತ್ತು ಅದು ನಿಲ್ಲುವ ಉಕ್ಕಿನ ಹಲಗೆಗಳು ಸೇರಿ ಎರಡು ಟನ್ ಎತ್ತಲು ಪ್ರತಿ ಚದರ ಸೆಂಟಿಮೀಟರಿಗೆ 100 ಕೆ.ಜಿ. ಒತ್ತಡ ಬೇಕು. ಕಡಲಿನಲ್ಲಿ ಒಂದು ಕಿಲೋಮೀಟರ್ ಆಳಕ್ಕೆ ಇಳಿದರೆ ಮೈಮೇಲೆ ಬೀಳುವ ಒತ್ತಡ ಅದು. ಮನೆಯ ಗ್ಯಾರೇಜಿನಲ್ಲಿ, ಮಕ್ಕಳ ಸೈಕಲ್ಲುಗಳ ಪಕ್ಕದಲ್ಲಿ, ಒಂದು ಕೊಳವೆಯೊಳಗೆ ಒಂದು ಕಿಲೋಮೀಟರ್ ಆಳದ ಸಮುದ್ರ.

ಇಲ್ಲಿಯವರೆಗೆ ಎತ್ತುವ ಮಾತಾಯಿತು. ಎತ್ತಿದ್ದನ್ನು ಹಿಡಿದಿಡುವ ಲೆಕ್ಕ ಬೇರೆಯೇ ಲೋಕ. ಲಿಫ್ಟು ಆರಿಸುವ ಕಷ್ಟವೆಲ್ಲ ಇರುವುದು ಅಲ್ಲೇ.

ಲಿಫ್ಟುಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಎರಡು ಕಂಬದ್ದು, ನಾಲ್ಕು ಕಂಬದ್ದು. ಎರಡು ಕಂಬದ ಲಿಫ್ಟು ನಾಲ್ಕು ತೋಳು ಚಾಚಿ ಕಾರಿನ ಹೊಟ್ಟೆಗೆ ಕೈಕೊಟ್ಟು ಎತ್ತುತ್ತದೆ. ಚಕ್ರಗಳು ಗಾಳಿಯಲ್ಲಿ ತೂಗುತ್ತವೆ, ಬ್ರೇಕು, ಸಸ್ಪೆನ್ಷನ್ ಕೆಲಸಕ್ಕೆ ಬಲು ಅನುಕೂಲ. ಮಗನ ಮನಸ್ಸು ಅದರ ಮೇಲೇ ಇತ್ತು. ಆದರೆ ಕಾರಿನ ತೂಕ ಕಂಬದ ನೇರ ಕೆಳಗೆ ಬೀಳುವುದಿಲ್ಲ, ಒಂದು ಮಾರಿಗಿಂತ ಕಡಿಮೆಯಾದರೂ ದೂರದಲ್ಲೇ ತೂಗುತ್ತದೆ. ಒರಟಾಗಿ ಲೆಕ್ಕ ಹಾಕಿದೆ. ಒಂದೊಂದು ಕಂಬದ ಪಾಲಿಗೆ 750 ಕೆ.ಜಿ., ಬುಡದ ತಗಡಿನ ಒಳ ಅಂಚಿನಿಂದ 75 ಸೆಂಟಿಮೀಟರ್ ಆಚೆ. ಆ ಅಂಚಿನಿಂದ ಹಿಂಬದಿಯ ಬೋಲ್ಟುಗಳು 30 ಸೆಂಟಿಮೀಟರ್. ಇದು ಅಪ್ಪಟ ಸನ್ನೆಗೋಲು. ಹಿಂದಿನ ಬೋಲ್ಟುಗಳನ್ನು ನೆಲದಿಂದ ಕೀಳಲು ಎಳೆಯುವ ಬಲ 1,875 ಕೆ.ಜಿ.! ಕಂಬಗಳ ತಲೆಗಳನ್ನು ಜೋಡಿಸುವ ಅಡ್ಡತೊಲೆ ಇದ್ದರೆ ಒಂದಷ್ಟನ್ನು ಅದು ಹೊರುತ್ತದೆ, ಉಳಿದದ್ದು ನೆಲದ ಪಾಲು. ನೆಲ ಎಂದರೆ ಏನು? ನಾಲ್ಕು ಇಂಚಿನ ಕಾಂಕ್ರೀಟು. ಒಂದು ಚದರ ಮೀಟರಿನ ತೂಕ 240 ಕೆ.ಜಿ. ಬೋಲ್ಟು ಎಳೆಯುವ ಬಲಕ್ಕೆ ಸಮವಾಗಿ ತೂಗಲು ಎಂಟು ಚದರ ಮೀಟರ್ ನೆಲವೇ ಒಟ್ಟಾಗಿ ಕೈಹಿಡಿದು ಕೂರಬೇಕು.

ಅದಕ್ಕೇ ತಯಾರಕರ ಕೈಪಿಡಿಗಳು ಕಾಂಕ್ರೀಟಿನ ವಿಷಯದಲ್ಲಿ ಅಷ್ಟು ಕಟ್ಟುನಿಟ್ಟು. ದಪ್ಪ ಕನಿಷ್ಠ ನಾಲ್ಕು ಇಂಚು, ಕೆಲವರದು ಅದಕ್ಕೂ ಹೆಚ್ಚು. ಗಟ್ಟಿತನ ಚದರ ಇಂಚಿಗೆ 3,000 ಪೌಂಡ್. ನಮ್ಮ ಮೇಸ್ತ್ರಿಗಳ ಭಾಷೆಯಲ್ಲಿ ಎಂ-20 ಅನ್ನಬಹುದು. ಹೆಬ್ಬೆರಳ ಉಗುರಿನಷ್ಟು ಜಾಗದ ಮೇಲೆ ನಾಲ್ಕು ಚೀಲ ಸಿಮೆಂಟು ಹೇರಿದರೂ ಪುಡಿಯಾಗದ ಗಟ್ಟಿತನ. ಆದರೆ ಒತ್ತಿದರೆ ಅಷ್ಟು ಗಟ್ಟಿಯಾದ ಕಾಂಕ್ರೀಟು ಎಳೆದರೆ ಅದರ ಹತ್ತರಲ್ಲೊಂದು ಪಾಲೂ ತಡೆಯಲಾರದು. ಬೋಲ್ಟು ಮಾಡುವುದು ಎಳೆಯುವ ಕೆಲಸವನ್ನೇ.

ಇಷ್ಟು ಲೆಕ್ಕ ಮುಗಿಸುವ ಹೊತ್ತಿಗೆ ಮಗ ಗ್ಯಾರೇಜಿನ ಬಾಗಿಲ ಬಳಿ ಕೂತು ನೆಲ ಗುಡಿಸುತ್ತಿದ್ದ. ಕರೆದ.

"ಅಪ್ಪಾ, ಇಲ್ಲೆ ನೋಡ್ರಿ. ನೆಲಾ ಕೊರೀಬ್ಯಾಡ್ರಿ ಅಂತ ಕಾಂಕ್ರೀಟಿನ ಮ್ಯಾಲೇ ಒತ್ತಿ ಬರದಾರ."

"ಯಾಕಂತ?"

"ಒಳಗ ಕೇಬಲ್ ಅದಾವ್ರಿ. ಬಿಗದ ಇಟ್ಟಾರ."

ಅದರ ಹಿಂದಿನ ಕಾರಣ ಕೇಳಿದಾಗ ನನಗೆ ನನ್ನೂರೇ ಕಣ್ಣಮುಂದೆ ಬಂತು. ಡಲ್ಲಾಸ್ ಇರುವುದು ಕರಿಮಣ್ಣಿನ ಬಯಲಿನಲ್ಲಿ. ನಮ್ಮ ಗದಗ, ಧಾರವಾಡದ ಎರೆಭೂಮಿಯೂ ಅಲ್ಲಿನ ಕರಿನೆಲವೂ ಮಣ್ಣಿನ ಶಾಸ್ತ್ರದಲ್ಲಿ ಒಂದೇ ಕುಲ, ವರ್ಟಿಸಾಲ್ ಎನ್ನುತ್ತಾರೆ. ಬೇಸಿಗೆಯಲ್ಲಿ ಕೈ ತೂರುವಷ್ಟು ಬಾಯಿಬಿಡುತ್ತದೆ, ಮಳೆ ಬಿದ್ದರೆ ಊದಿಕೊಳ್ಳುತ್ತದೆ. ಎರೆಯಲ್ಲಿ ಮನೆ ಕಟ್ಟಿದವನಿಗೆ ಗೋಡೆ ಬಿರುಕಿನ ಸಂಕಟ ಹೊಸದಲ್ಲ. ಟೆಕ್ಸಾಸಿನವರು ಇದಕ್ಕೆ ಕಂಡುಕೊಂಡ ಉಪಾಯ ಎಂದರೆ, ಕಾಂಕ್ರೀಟಿನೊಳಗೆ ಉಕ್ಕಿನ ಹುರಿಗಳನ್ನು ಹಾಸಿ, ಅದು ಗಟ್ಟಿಯಾದ ಮೇಲೆ ಜಾಕ್ ಹಾಕಿ ಎಳೆದು ಬಿಗಿಯುವುದು. ನೆಲವಿಡೀ ಒಂದೇ ಹಲಗೆಯಂತೆ ಬಿಗಿದುಕೊಳ್ಳುತ್ತದೆ, ಕೆಳಗಿನ ಮಣ್ಣು ಕುಣಿದರೂ ಸುಲಭಕ್ಕೆ ಸೀಳುವುದಿಲ್ಲ. ಅರ್ಧ ಇಂಚು ದಪ್ಪದ ಒಂದು ಹುರಿಯನ್ನು ಎಳೆಯುವ ಬಲ 33,000 ಪೌಂಡ್, ಹದಿನೈದು ಟನ್. ಮಗನ ಸೆಡಾನಿನಂಥ ಹತ್ತು ಕಾರುಗಳನ್ನು ಒಂದರ ಕೆಳಗೊಂದು ನೇತುಹಾಕಿದಂತೆ. ಕಿರುಬೆರಳ ದಪ್ಪದ ಹುರಿಯೊಂದು ಹೆಚ್ಚುಕಡಿಮೆ ಈ ಬಿಗಿತದಲ್ಲೇ ವರ್ಷಗಟ್ಟಲೆ ಸದ್ದಿಲ್ಲದೆ ನಮ್ಮ ಪಾದದಡಿ ಮಲಗಿರುತ್ತದೆ. ಡ್ರಿಲ್ಲಿನ ತುದಿ ಅದಕ್ಕೆ ತಗುಲಿ ತುಂಡಾದರೆ ಕಾಂಕ್ರೀಟು ಒಡೆದು ಹೊರಚಿಮ್ಮಬಹುದು, ಕೊರೆಯುವವನ ಪ್ರಾಣಕ್ಕೆ ಬರಬಹುದು.

ಎರಡು ಕಂಬದ ಆಸೆ ಅಲ್ಲಿಗೆ ಮುಗಿಯಿತು. ಮಗನ ಮುಖ ಬಾಡಿದ್ದು ನೋಡಿ ನನಗೆ ನೋವಾಯಿತು, ಆದರೆ ಆ ಬರಹ ಒತ್ತಿಹೋದ ಕೆಲಸಗಾರನಿಗೆ ಮನಸ್ಸಿನಲ್ಲೇ ಕೈಮುಗಿದೆ.

ಉಳಿದದ್ದು ನಾಲ್ಕು ಕಂಬದ್ದು. ಕಾರು ಎರಡು ಉಕ್ಕಿನ ಹಲಗೆಗಳ ಮೇಲೆ ತನ್ನ ಚಕ್ರಗಳಲ್ಲೇ ನಿಲ್ಲುತ್ತದೆ, ಭಾರ ನಾಲ್ಕು ಮೂಲೆಗಳಿಂದ ನೇರ ಕೆಳಗಿಳಿಯುತ್ತದೆ. ಮನೆಗಳಿಗೆಂದೇ ಮಾಡಿದ ಹಲವು ಮಾದರಿಗಳು ನೆಲಕ್ಕೆ ಬೋಲ್ಟು ಬೇಡದೆ ಸ್ವಂತ ಕಾಲ ಮೇಲೆ ನಿಲ್ಲುತ್ತವೆ. ಕೈಪಿಡಿಯಲ್ಲಿ ಅದು ಸ್ಪಷ್ಟವಾಗಿ ಬರೆದಿದೆಯೇ ಎಂದು ನೋಡಿಕೊಂಡೆವು. ಸ್ವತಂತ್ರ ಪ್ರಯೋಗಾಲಯದಲ್ಲಿ ಪರೀಕ್ಷೆಗೊಂಡ ಲಿಫ್ಟಿಗೆ, 1945ರಲ್ಲಿ ಹುಟ್ಟಿದ ಆಟೋಮೋಟಿವ್ ಲಿಫ್ಟ್ ಇನ್‌ಸ್ಟಿಟ್ಯೂಟ್ ಎಂಬ ಸಂಸ್ಥೆಯ ಬಂಗಾರದ ಬಣ್ಣದ ಪಟ್ಟಿ ಅಂಟಿರುತ್ತದೆ. ಅದಿಲ್ಲದ್ದನ್ನು ಮುಟ್ಟಬೇಡ ಎಂದೆ.

ಈಗ ನೆಲದ ಲೆಕ್ಕ. ಲಿಫ್ಟಿನ ತೂಕ 800 ಕೆ.ಜಿ., ಮೇಲೆ ಸೆಡಾನು 1,500. ನಾಲ್ಕು ಕಾಲಿಗೆ ಹಂಚಿದರೆ ತಲಾ 575 ಕೆ.ಜಿ. ಪ್ರತಿ ಕಾಲಿನ ಕೆಳಗೆ 25 ಸೆಂಟಿಮೀಟರ್ ಚೌಕದ ತಗಡು. ಚದರ ಸೆಂಟಿಮೀಟರಿಗೆ ಬೀಳುವುದು ಒಂದು ಕೆ.ಜಿ.ಗೂ ಕಡಿಮೆ! ಎಂಜಿನ್ನಿನ ಬದಿಯ ಕಂಬಗಳಿಗೆ ತುಸು ಹೆಚ್ಚು ಬೀಳುತ್ತದೆ, ಆದರೂ ಒಂದು ಕೆ.ಜಿ.ಯ ಆಸುಪಾಸೇ. ನಮ್ಮ ತಲೆಯ ಮೇಲಿನ ಗಾಳಿ ಪ್ರತಿ ಚದರ ಸೆಂಟಿಮೀಟರನ್ನು ಒತ್ತುವುದೂ ಅಷ್ಟೇ. ಕಾರು ಬರೇ ನೆಲದ ಮೇಲೆ ನಿಂತಾಗ? ಟೈರಿನಲ್ಲಿ 32 ಪೌಂಡ್ ಗಾಳಿ ಇದ್ದರೆ, ಚದರ ಸೆಂಟಿಮೀಟರಿಗೆ ಎರಡೂಕಾಲು ಕೆ.ಜಿ. ಒತ್ತಡ, ಇಡೀ ಕಾರು ಹೆಚ್ಚುಕಡಿಮೆ ಬೆರಳು ಸಮೇತ ನಾಲ್ಕು ಅಂಗೈಗಳಷ್ಟು ಜಾಗದ ಮೇಲೆ ನಿಂತಿರುತ್ತದೆ. ಆಕಾಶಕ್ಕೆ ಎತ್ತಿದ ಕಾರಿಗಿಂತ ನೆಲದಲ್ಲಿ ನಿಂತ ಕಾರು ನೆಲವನ್ನು ಎರಡು ಪಟ್ಟು ಬಲವಾಗಿ ಒತ್ತುತ್ತದೆ. ಈ ಉತ್ತರ ಬಂದಾಗ ನಂಬಲಾಗದೆ ಮೂರು ಸಲ ಗುಣಿಸಿ ನೋಡಿದೆ.

ಎತ್ತರದ ಲೆಕ್ಕ ಮಾತ್ರ ಬೆರಳೆಣಿಕೆಯದು. ಅಮೆರಿಕದ ಎಷ್ಟೋ ಗ್ಯಾರೇಜುಗಳ ಸೂರು ಎಂಟೋ ಒಂಬತ್ತೋ ಅಡಿ. ಅಲ್ಲಿ ಸಾಮಾನ್ಯವಾಗಿ ಕಾರಿನ ಮೇಲೆ ಕಾರು ನಿಲ್ಲದು. ಮಗನದು ಹನ್ನೊಂದು ಅಡಿ, 335 ಸೆಂಟಿಮೀಟರ್. ಎಸ್‌ಯುವಿ 175 ಎತ್ತರ. ಲಿಫ್ಟಿನ ಬೀಗಗಳು ಹತ್ತು ಸೆಂಟಿಮೀಟರಿಗೊಂದು, ಹಾಗಾಗಿ ಹಲಗೆಯ ತಳ ನಿಲ್ಲಬೇಕಾದ್ದು 185ರಲ್ಲಿ. ಹಲಗೆಯ ದಪ್ಪ 12. ಮೇಲೆ 145ರ ಸೆಡಾನು ಇಟ್ಟರೆ 342, ಏಳು ಸೆಂಟಿಮೀಟರಿನಿಂದ ಸೂರಿಗೆ ಬಡಿಯುತ್ತದೆ. 122ರ ಮಿಯಾಟಾ ಇಟ್ಟರೆ 319, ಒಂದು ಗೇಣಿಗಿಂತ ಕಡಿಮೆ ಉಳಿಯುತ್ತದೆ. ಸೂರಿನ ನಡುವೆ ಹಾದುಹೋಗುತ್ತಿದ್ದ ಬಾಗಿಲೆತ್ತುವ ಮೋಟಾರನ್ನು ಕಿತ್ತು ಪಕ್ಕದ ಗೋಡೆಗೆ ಸರಿಸಿದ್ದಾಯಿತು.

ಆ ಬೀಗಗಳ ಮಾತು ಹೇಳದೆ ಇದು ಪೂರ್ತಿಯಾಗದು. 1.8 ಮೀಟರ್ ಎತ್ತರದಿಂದ ಕಾರು ಕೆಳಗೆ ಬೀಳಲು ತೆಗೆದುಕೊಳ್ಳುವ ಸಮಯ 0.6 ಸೆಕೆಂಡು. ಅಷ್ಟರಲ್ಲಿ ಅದರ ವೇಗ ಗಂಟೆಗೆ 21 ಕಿಲೋಮೀಟರ್. ಹತ್ತು ಸೆಂಟಿಮೀಟರಿನೊಳಗೆ ಅದನ್ನು ನಿಲ್ಲಿಸಬೇಕೆಂದರೆ 28 ಟನ್ ಬಲ ಬೇಕು. ಅರ್ಧ ಚಮಚ ಸಕ್ಕರೆಗೂ ಸಾಟಿಯಲ್ಲದ ಅದೇ ಶಕ್ತಿ! ನಿಮಿಷವಿಡೀ ನಿಧಾನವಾಗಿ ಕೊಟ್ಟಾಗ ಮಿಕ್ಸಿಯಷ್ಟು ಸಾಧು, ಕ್ಷಣದಲ್ಲಿ ಹಿಂತಿರುಗಿ ಬಂದರೆ ಮನುಷ್ಯನನ್ನು ಉಳಿಸುವುದಿಲ್ಲ. ಆದ್ದರಿಂದಲೇ ಎಣ್ಣೆಯ ಮೇಲೆ, ತಂತಿಹಗ್ಗದ ಮೇಲೆ ಕಾರನ್ನು ಬಿಟ್ಟು ಯಾರೂ ಅದರಡಿಗೆ ಹೋಗುವುದಿಲ್ಲ. ಕಂಬದೊಳಗೆ ಏಣಿಯ ಮೆಟ್ಟಿಲಿನಂಥ ಉಕ್ಕಿನ ಹಲ್ಲುಗಳಿರುತ್ತವೆ. ಬೇಕಾದ್ದಕ್ಕಿಂತ ತುಸು ಮೇಲೆ ಎತ್ತಿ, ಹಿಂದಕ್ಕೆ ಇಳಿಸಿ, ಆ ಹಲ್ಲಿನ ಮೇಲೆ ಕೂರಿಸಬೇಕು. ಆಗ ಭಾರವೆಲ್ಲ ಉಕ್ಕಿನ ಮೇಲೆ, ಎಣ್ಣೆಗೆ ರಜೆ.

ನಾನು ಮಗನಿಗೆ ಇದನ್ನು ಬೇರೆ ಮಾತಿನಲ್ಲಿ ಹೇಳಿದ್ದೆ. ನನ್ನ ಅಪ್ಪ ಚಕ್ಕಡಿಯ ಗಾಲಿಗೆ ಕೀಲೆಣ್ಣೆ ಹಚ್ಚುವ ದಿನ, ಅಚ್ಚಿನ ಕೆಳಗೆ ಹಾರೆ ಕೊಟ್ಟು ಮೈಭಾರವೆಲ್ಲ ಹಾಕಿ ಮೀಟುತ್ತಿದ್ದ. ಗಾಲಿ ನೆಲ ಬಿಟ್ಟ ಕೂಡಲೇ ನಾನು ಓಡಿ ಹೋಗಿ ಅಚ್ಚಿನಡಿ ಕಲ್ಲಿಡಬೇಕು. ಕಲ್ಲು ಕೂತಿದ್ದು ಖಾತ್ರಿಯಾಗುವ ತನಕ ಅಪ್ಪ ಹಾರೆ ಬಿಡುತ್ತಿರಲಿಲ್ಲ, ನನ್ನ ಕೈಯಿಂದ ಕಣ್ಣು ಕೀಳುತ್ತಿರಲಿಲ್ಲ.

ಜೋಡಣೆ ಮುಗಿದ ಸಂಜೆ ಮಿಯಾಟಾ ಮೇಲೇರಿತು. ಬೀಗಗಳು ದಾಟುವಾಗ ನಾಲ್ಕು ಕಂಬಗಳಲ್ಲೂ ಒಂದೊಂದು ಸದ್ದು. ನಾನು ಎಣಿಸುತ್ತಾ ನಿಂತಿದ್ದೆ. ಮಗ ಪಂಪು ನಿಲ್ಲಿಸಿ ಹಿಡಿಕೆ ಅದುಮಿದ. ಕಾರು ಎರಡು ಬೆರಳಷ್ಟು ಕೆಳಗಿಳಿದು, ನಾಲ್ಕು ಕಡೆಯೂ ಟಕ್ಕೆಂದು ಕೂತಿತು. ಅವನು ನಾಲ್ಕೂ ಕಂಬಗಳಿಗೆ ಹೋಗಿ ಟಾರ್ಚು ಬಿಟ್ಟು ಒಂದೊಂದು ಹಲ್ಲನ್ನೂ ನೋಡಿದ.

"ಅಪ್ಪಾ, ಕಲ್ಲ ಇಟ್ಟಾತು. ಅಜ್ಜಗ ಹಾರಿ ಬಿಡಂತ ಹೇಳ್ರಿ."