ಊರ ರಸ್ತೆಯ ಲೆಕ್ಕ ಕೇಳಬಹುದೇ?

ಪ್ರಶ್ನೆ: ನಮ್ಮೂರ ಸಿಮೆಂಟ್ ರಸ್ತೆ ಎರಡೇ ಮಳೆಗಾಲಕ್ಕೆ ಕಿತ್ತುಹೋಯಿತು. ಪಂಚಾಯಿತಿಯಲ್ಲಿ ಕೇಳಿದರೆ ‘ಆಡಿಟ್ ಆಗಿದೆ’ ಅಂತಾರೆ. ನಮ್ಮಂಥವರು ಲೆಕ್ಕ ನೋಡಬಹುದೇ?
– ಓದುಗರು, ಜೋಯಿಡಾ ತಾಲ್ಲೂಕು

ಉತ್ತರ: ಧಾರಾಳವಾಗಿ ನೋಡಬಹುದು. ಆಡಿಟ್‌ನವರು ಹೆಚ್ಚಾಗಿ ನೋಡುವುದು ಬಿಲ್ಲು, ವೋಚರುಗಳನ್ನು. ರಸ್ತೆಯ ದಪ್ಪ ಕಾಗದದಲ್ಲಿ ಕಾಣುವುದಿಲ್ಲ. ನೀವು ಕೇಳಬೇಕಾದ್ದು ಅಳತೆ ಪುಸ್ತಕ, ಆಫೀಸಿನವರ ಬಾಯಲ್ಲಿ ‘ಎಂ.ಬಿ.’ ಎಂಜಿನಿಯರು ಉದ್ದ, ಅಗಲ, ದಪ್ಪ ಬರೆದು ಸಹಿ ಹಾಕುವುದು ಅದರಲ್ಲೇ. ಗುತ್ತಿಗೆದಾರರ ಬಿಲ್ಲಿಗೆ ಅದೇ ಆಧಾರ.

ಅದರಲ್ಲಿ 100 ಮೀಟರ್ ಉದ್ದ, 3 ಮೀಟರ್ ಅಗಲ, 15 ಸೆಂ.ಮೀ. ದಪ್ಪ ಎಂದಿದ್ದರೆ 45 ಘನ ಮೀಟರ್ ಕಾಂಕ್ರೀಟಿನ ದುಡ್ಡು ಸಂದಿದೆ ಎಂದರ್ಥ. ಕಿತ್ತ ಅಂಚಿಗೆ ಪಟ್ಟಿ ಹಿಡಿದು ನೋಡಿ. ಹತ್ತೇ ಸೆಂ.ಮೀ. ಇದ್ದರೆ ಹದಿನೈದು ಘನ ಮೀಟರ್ ಎಲ್ಲಿ ಹೋಯಿತೆಂದು ಕೇಳಿ. ತಾರೀಕನ್ನೂ ಗಮನಿಸಿ. ಜುಲೈನಲ್ಲಿ, ಆ ಜೋಯಿಡಾ ಮಳೆಯಲ್ಲಿ ಕಾಂಕ್ರೀಟ್ ಹಾಕಿದರೆಂದರೆ ನಾನಂತೂ ನಂಬಲಾರೆ!

2005ರ ಮಾಹಿತಿ ಹಕ್ಕು ಕಾಯ್ದೆಯಡಿ ಪಂಚಾಯಿತಿಯ ಮಾಹಿತಿ ಅಧಿಕಾರಿಗೆ ಅರ್ಜಿ ಕೊಡಿ. ಶುಲ್ಕ 10 ರೂಪಾಯಿ. ಬಿಪಿಎಲ್ ಕುಟುಂಬಕ್ಕೆ ಅದೂ ಇಲ್ಲ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, ಸುಮಾರು 150 ಪದದೊಳಗೆ. 30 ದಿನದಲ್ಲಿ ಉತ್ತರ ಬರಬೇಕು. ಬಾರದಿದ್ದರೆ ಮೇಲ್ಮನವಿ ಹಾಕಿ. ಕಾಗದದ ನಕಲಷ್ಟೇ ಅಲ್ಲ, ಕಾಮಗಾರಿಯನ್ನು ಪರಿಶೀಲಿಸುವ, ಬಳಸಿದ ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವ ಹಕ್ಕೂ ಕಾಯ್ದೆಯಲ್ಲಿದೆ. ಅಂದರೆ ನಿಮ್ಮೂರ ರಸ್ತೆಯ ಒಂದು ತುಂಡು ಕಾಂಕ್ರೀಟನ್ನೇ ಕೇಳಿ ಪಡೆಯಬಹುದು.